ಪಡಸಾಲೆಯ ಧರ್ಮರಾಜ್ಯ

ನಮ್ಮ ಕಾಕಾ ಈ ದೇಶವನ್ನು ಏಳು ತಿಂಗಳು ಹನ್ನೊಂದು ದಿನ ಆಳಿದರು. ದೇಶಕ್ಕೆ ಗೊತ್ತಾಗಲಿಲ್ಲ, ಅಷ್ಟೇ!

ನಗುತ್ತೀರಾ? ನಗಿರಿ. ಆದರೆ ನಾನು ಬಾಯಿಗೆ ಬಂದದ್ದು ಹೇಳುವವಳಲ್ಲ. ನನ್ನ ಹತ್ತಿರ ದಿನಚರಿ ಇದೆ. ಆ ಸರಕಾರ ಹೊರಡಿಸಿದ ಆಜ್ಞೆಗಳು ನೂರಾ ಹದಿನಾಲ್ಕು. ಪಾಲಿಸಿದವರು ಒಬ್ಬರು: ಕಾಕಾ. ಪಾಲಿಸುತ್ತೇವೆಂದು ತಲೆಯಾಡಿಸಿ ಪಾಲಿಸದೆ ಉಳಿದವರು ಇಬ್ಬರು: ಕಾಕು ಮತ್ತು ನಾನು. ಆಜ್ಞೆ ಹೊರಟದ್ದೇ ತಿಳಿಯದವರು: ಉಳಿದ ಭಾರತೀಯರು. ಇಷ್ಟು ಚೊಕ್ಕ ಲೆಕ್ಕ ಇಟ್ಟ ಇನ್ನೊಂದು ಸರಕಾರ ಇದ್ದರೆ ತೋರಿಸಿ, ನೋಡೋಣ!

ಕಾಕಾ ಎಂದರೆ ನನ್ನ ತಂದೆಯ ತಮ್ಮ, ಕಾಕು ಅವರ ಹೆಂಡತಿ. ಕಾಕಾ ಗೋಕಾಕದಲ್ಲಿ ಮಾಮಲೇದಾರ ಕಚೇರಿಯ ಕಾರಕೂನ. ನಾನು ಮೆಟ್ರಿಕ್ ಮುಗಿಸಿ ಆ ವರ್ಷ ಅವರ ಮನೆಯಲ್ಲೇ ಇದ್ದೆ. ಅವರ ಸ್ವಭಾವ ತಿಳಿಯಬೇಕಾದರೆ ಒಂದೇ ಸಂಗತಿ ಸಾಕು. ಒಮ್ಮೆ ಅವರು ಕಚೇರಿಗೆ ಎಂಟು ನಿಮಿಷ ತಡವಾಗಿ ಹೋದರು. ಸಾಹೇಬರು ಬಂದಿರಲಿಲ್ಲ, ಸಿಪಾಯಿ ಬಂದಿರಲಿಲ್ಲ, ಬೀಗ ತೆಗೆದವರೇ ಕಾಕಾ. ಆದರೂ ಹಾಜರಿ ಪುಸ್ತಕದಲ್ಲಿ ತಮ್ಮ ಹೆಸರಿನ ಮುಂದೆ ಕೆಂಪು ಶಾಯಿಯಿಂದ 'ತಡ' ಎಂದು ಬರೆದರು. ತಡವೇಕೆ ಆಯಿತೆಂದು ತಮಗೆ ತಾವೇ ಒಂದು ಪತ್ರ ಬರೆದರು. ಅದಕ್ಕೆ ತಾವೇ ಉತ್ತರ ಕೊಟ್ಟರು. ಕೊನೆಗೆ, ಉತ್ತರ ಸಮಾಧಾನಕರವಾಗಿಲ್ಲವೆಂದು ಅದರ ಕೆಳಗೆ ಷರಾ ಹಾಕಿದರು! ಇಂಥವರ ಕೈಗೆ ದೇಶ ಸಿಕ್ಕರೆ ಏನಾಗಬೇಡ?

ಸಿಕ್ಕದ್ದು ಹೀಗೆ. ಆ ವರ್ಷ ದೀಪಾವಳಿಯ ಸುಮಾರಿಗೆ ನಮ್ಮ ಊರು ಮುಂಬೈ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು. ಕಚೇರಿಯ ಫಲಕ ಬದಲಾಯಿತು, ಮೊಹರು ಬದಲಾಯಿತು, ಹಳೆಯ ನಮೂನೆಗಳೆಲ್ಲ ರದ್ದಿಗೆ ಹೋದವು. ಕಾಕಾ ಆ ರದ್ದಿಯಿಂದ ಒಂದು ಬದಿ ಖಾಲಿ ಇದ್ದ ಹಾಳೆಗಳನ್ನು ಸಾಹೇಬರ ಅನುಮತಿ ಪಡೆದೇ ಮನೆಗೆ ತಂದರು. ಪಡಸಾಲೆಯಲ್ಲಿ ಕುಳಿತು ಬೆರಳು ಮಡಚಿದರು.

"ನೋಡು ಹುಡುಗಿ, ಹತ್ತು ವರ್ಷದಾಗ ಎಷ್ಟು ಸರಕಾರ ಆದವು ಎಣಸು. ಇಂಗ್ಲಿಷರದು ಹೋತು. ಮುಂಬೈದು ಬಂತು, ಅದೂ ಹೋತು. ಈಗ ಮೈಸೂರಿಂದು ಬಂದದ. ಸರಕಾರ ಇಷ್ಟು ಸರಳ ಬದಲ ಆಗೂದಾದ್ರ, ಮುಂದಿಂದು ಧರ್ಮಶಾಸ್ತ್ರದ ಪ್ರಕಾರ ಯಾಕ ಆಗಬಾರದು? ಆಗೇ ಆಗ್ತದ! ಆದ್ರ ಅವತ್ತ ಕಾಗದಪತ್ರ ತಯಾರ ಇರದಿದ್ರ ಏನ ಗತಿ? ದೇವರ ಸರಕಾರ ಬಂದೂ ಗೊಂದಲ ಆಗ್ತದ!"

ಧರ್ಮರಾಜ್ಯ ಬೇಕೆನ್ನುವವರು ಆ ಕಾಲಕ್ಕೆ ಬೇರೆ ಊರುಗಳಲ್ಲೂ ಇದ್ದರು. ಅವರು ಭಾಷಣ ಮಾಡುತ್ತಿದ್ದರು. ನಮ್ಮ ಕಾಕಾ ಭಾಷಣ ಮಾಡಲಿಲ್ಲ, ನಮೂನೆ ಬರೆದರು. ಪಾಪಕ್ಕೆ ಒಂದು ನಮೂನೆ, ಪ್ರಾಯಶ್ಚಿತ್ತಕ್ಕೆ ಒಂದು, ಯಜ್ಞದ ಹೊಗೆಯಿಂದ ಪಕ್ಕದ ಮನೆಯವರಿಗೆ ತೊಂದರೆಯಾದರೆ ಇನ್ನೊಂದು. ಬರುವ ಕಾಗದಕ್ಕೆ ಆವಕ, ಹೋಗುವ ಕಾಗದಕ್ಕೆ ಜಾವಕ ಎಂದು ಎರಡು ರಜಿಸ್ಟರು ಹೊಲಿದರು. ಧರ್ಮರಾಜ್ಯದ ವೇಳೆ ಮುಂಜಾನೆ ಆರರಿಂದ ಒಂಬತ್ತು, ಸಂಜೆ ಆರರಿಂದ ಎಂಟು. ನಡುವಿನ ಹೊತ್ತು ಅವರು ಮೈಸೂರು ಸರಕಾರದ ನೌಕರ ನೋಡಿ! ಒಂದು ಸರಕಾರದ ಶಾಯಿಯಿಂದ ಇನ್ನೊಂದು ಸರಕಾರದ ಕಾಗದ ಬರೆಯಬಾರದೆಂದು ಎರಡು ದೌತಿ ಬೇರೆ.

ನನ್ನನ್ನು ಲೇಖಕಿಯನ್ನಾಗಿ ನೇಮಿಸಿದರು.

"ಖರೇ ಹೇಳಬೇಕಂದ್ರ ನಮ್ಮ ರಾಜ್ಯದಾಗ ಹೆಣ್ಣಮಕ್ಕಳಿಗೆ ಹುದ್ದೆ ಇಲ್ಲ," ಎಂದರು. "ಆದ್ರ ನಿನ್ನ ಅಕ್ಷರ ದುಂಡಗ ಅವ."

ಮೂರನೆಯ ವಾರ ಮೂರನೆಯ ಪ್ರಕರಣಕ್ಕೆ ಬಂದೆವು: ಅಧಿಕಾರಿಗಳ ನಿವೃತ್ತಿ. ಕಾಕಾ ಎದ್ದು ನಿಂತೇ ಹೇಳಿ ಬರೆಸಿದರು. ಕಲಮು ಹದಿನೇಳು. ಹುದ್ದೆಯಲ್ಲಿರುವ ಮನುಷ್ಯನ ತಲೆ ಹಣ್ಣಾಗಿ ಅವನು ಮೊಮ್ಮಗುವಿನ ಮುಖ ಕಂಡ ಮೇಲೆ, ಮೂರು ದಿನಗಳೊಳಗಾಗಿ ಚಾರ್ಜ್ ಒಪ್ಪಿಸಿ, ಮನೆ ಬಿಟ್ಟು ಅಡವಿಗೆ ಹೋಗತಕ್ಕದ್ದು. ಅರ್ಜಿ, ತಕರಾರು, ಇನ್ನಷ್ಟು ದಿನದ ಮುದ್ದತ್ತು ಯಾವುದೂ ನಡೆಯದು.

"ಕುರ್ಚಿ ಬಿಡದ ಮುದುಕರಿಗೆ ಇದಕ್ಕಿಂತ ಛೊಲೋ ಔಷಧ ಯಾವ ದೇಶದಾಗ ಅದ, ಹೇಳ್ರಿ ನೋಡೋಣ!" ಎಂದು ಬೀದಿಗೆ ಕೇಳುವಂತೆ ಕೂಗಿದರು. ಬೀದಿಯ ಆಚೆ ಬದಿಯಲ್ಲಿ ಕರದಂಟು ಮಾಡುವ ಬಸಪ್ಪಣ್ಣ ಇದ್ದ. ಕಾಕಾನ ಬಾಲ್ಯದ ಗೆಳೆಯ, ಧರ್ಮರಾಜ್ಯದ ಖಾಯಂ ಟೀಕಾಕಾರ. ಅವನೇ ಬೆಲ್ಲದ ಪಾಕದ ಸಟ್ಟುಗ ಹಿಡಿದುಕೊಂಡು ಬಾಗಿಲಿಗೆ ಬಂದ.

"ಇದೊಂದು ಕಾಯ್ದೆ ಚೊಲೋ ಐತಿ ನೋಡ್ರಿ ರಾಯರ! ಇದನ್ನ ದಿಲ್ಲಿಗಿ ಕಳಸ್ರಿ. ಮುಂದಿನ ವಾರ ದಿಲ್ಲಿ ಖಾಲಿ ಆಕ್ಕೈತಿ."

ನಾವೆಲ್ಲ ಚಪ್ಪಾಳೆ ತಟ್ಟಿದೆವು. ಕಾಕಾ ಆ ಕಲಮಿನ ಕೆಳಗೆ ಎರಡು ಗೆರೆ ಎಳೆದರು. ಇದಾಗಿ ಒಂಬತ್ತನೆಯ ದಿನ, ಹುಕ್ಕೇರಿಯಿಂದ ಕಾಗದ ಬಂತು. ಕಾಕಾನ ಒಬ್ಬಳೇ ಮಗಳನ್ನು, ನನ್ನ ಅಕ್ಕನನ್ನು, ಹುಕ್ಕೇರಿಗೆ ಕೊಟ್ಟಿದ್ದರು.

ಕಾಕು ಕಾಗದ ಹಿಡಿದುಕೊಂಡು ಓಡಿ ಬಂದರು. "ಕೇಳಿದ್ರೇನ್ರೀ? ನಿಮ್ಮ ಮಗಳಿಗೆ ಮೂರು ತಿಂಗಳಂತ!"

ಕಾಕಾ ಕುಳಿತಲ್ಲಿಂದ ಜಿಗಿದರು. ದೌತಿ ಉರುಳಿತು. ದೇವರ ಮುಂದಿನ ಸಕ್ಕರೆ ತಂದು ಕಾಕುವಿನ ಬಾಯಿಗೆ, ನನ್ನ ಬಾಯಿಗೆ, ಬೀದಿ ದಾಟಿ ಹೋಗಿ ಬಸಪ್ಪಣ್ಣನ ಬಾಯಿಗೆ ಹಾಕಿ ಬಂದರು. ದಿನವೆಲ್ಲ ಬೆಲ್ಲದಲ್ಲೇ ಇರುವವನ ಬಾಯಿಗೆ ಸಕ್ಕರೆ! ಮರಳಿ ಬಂದು ಕೂತರು. ರಜಿಸ್ಟರು ನೋಡಿದರು. ಮುಖ ಒಮ್ಮೆಲೇ ಬದಲಾಯಿತು.

"ಏನಾತ್ರೀ?" ಎಂದರು ಕಾಕು.

"ಕಲಮು ಹದಿನೇಳು."

"ಅಂದ್ರ?"

"ನಾ ಅಡವಿಗೆ ಹೋಗಬೇಕಾಗ್ತದ."

ಕಾಕು ನಕ್ಕರು. ನಾನೂ ನಕ್ಕೆ. ಕಾಕಾ ನಗಲಿಲ್ಲ. ಆಗ ಕಾಕುವಿನ ನಗು ಅರ್ಧಕ್ಕೇ ನಿಂತಿತು. ಯಾರೂ ನೋಡದ ಹೊತ್ತಿನಲ್ಲಿ ತನ್ನ ಹೆಸರಿನ ಮುಂದೆ ತಾನೇ 'ತಡ' ಎಂದು ಬರೆದುಕೊಂಡ ಮನುಷ್ಯನ ಹೆಂಡತಿ ಅವರು. ಸಂಜೆ ಒಲೆಯ ಮುಂದೆ ನನ್ನ ಕೈ ಹಿಡಿದು ಹೇಳಿದರು: "ಇವರು ಬರದದ್ದ ಮಾಡವ್ರು, ಹುಡುಗಿ. ಖರೇನ ಎದ್ದು ಹೋಗ್ತಾರ. ಇವರಿಗೆ ಭಕ್ಕರಿ ತಟ್ಟಲಿಕ್ಕೂ ಬರಂಗಿಲ್ಲ, ಒಲಿ ಹೊತ್ತಸಲಿಕ್ಕೂ ಬರಂಗಿಲ್ಲ. ಅಡವಿಯೊಳಗ ಏನ ಮಾಡ್ತಾರ? ಹ್ಯಾಂಗರ ಮಾಡಿ ಕೂಸು ಹುಟ್ಟೂದರೊಳಗ ಈ ಸರಕಾರ ಬೀಳಸಬೇಕು."

ಅಂದಿನ ದಿನಚರಿ ಹೀಗಿದೆ: "ವಿರೋಧ ಪಕ್ಷದ ಸ್ಥಾಪನೆ. ಸ್ಥಳ: ಅಡಿಗೆಮನೆ. ಸದಸ್ಯರು: ಇಬ್ಬರು. ಉಳಿದ ಅವಧಿ: ಆರು ತಿಂಗಳು."

ಚಾರ್ಜ್ ಒಪ್ಪಿಸಿ ಹೋಗಬೇಕಾದರೆ ಒಪ್ಪಿಸಿಕೊಳ್ಳಲು ಒಬ್ಬ ರಾಜ ಬೇಕಲ್ಲ? ರಾಜನ ಹುದ್ದೆ ಮೊದಲ ದಿನದಿಂದಲೂ ಖಾಲಿಯೇ ಇತ್ತು. ಶಾಸ್ತ್ರದ ಪ್ರಕಾರ ರಾಜ ಕ್ಷತ್ರಿಯನಾಗಿರಬೇಕು, ನಾವು ಬ್ರಾಹ್ಮಣರು. ಬ್ರಾಹ್ಮಣ ಬುದ್ಧಿ ಹೇಳಬಹುದು, ಸಿಂಹಾಸನ ಏರುವಂತಿಲ್ಲ. ಹಾಗಾಗಿ ಕಾಕಾ ಕಚೇರಿಯ ಪದ್ಧತಿಯಂತೆ ರಾಜನ ಹುದ್ದೆಯ ಚಾರ್ಜ್ ಮಾತ್ರ ತಾತ್ಕಾಲಿಕವಾಗಿ ತಮ್ಮ ಹತ್ತಿರ ಇಟ್ಟುಕೊಂಡಿದ್ದರು. ಈಗ ಅವಸರ ಬಿತ್ತು. ಭಾನುವಾರಕ್ಕೊಂದು ಊರಿನಂತೆ ಬಸ್ಸು ಹತ್ತಿ ರಾಜನನ್ನು ಹುಡುಕಿದೆವು. ಗೋಕಾಕದಲ್ಲಿ ಮೂವರನ್ನು ಕೇಳಿದೆವು, ಮೂಡಲಗಿಯಲ್ಲಿ ಇಬ್ಬರನ್ನು, ಹುಕ್ಕೇರಿಯಲ್ಲಿ ಒಬ್ಬರನ್ನು. ಸುಗ್ಗಿ ಮುಗಿಯಲಿ ಎಂದವರು ನಾಲ್ವರು. ಹೆಂಡತಿಯನ್ನು ಕೇಳಿ ಹೇಳುತ್ತೇನೆಂದವರು ಇಬ್ಬರು. ಚಂದ್ರಗುಪ್ತ ಸಿಗುವ ಮೊದಲು ಅವನ ಗುರುವಿಗೂ ಹೀಗೇ ಆಗಿತ್ತೋ ಏನೋ!

ಏಳನೆಯವನು ಕಣಗಲಾ ಊರಿನ ಒಬ್ಬ ಪೈಲವಾನ. ತಮ್ಮದು ಶುದ್ಧ ಕ್ಷತ್ರಿಯ ಕುಲವೆಂದು ಮೀಸೆ ತಿರುವಿ ಹೇಳುವ ಮನೆತನ. ಆಳು ನೋಡಿದರೆ ಸಿಂಹಾಸನವೇ ಹೆದರಬೇಕು! ಗರಡಿಯ ಮುಂದೆ ಮೈಗೆ ಮಣ್ಣು ಮೆತ್ತಿಕೊಂಡು ನಿಂತಿದ್ದ. ಕಾಕಾ ಕೈಮುಗಿದು, "ತಾವು ರಾಜ ಆಗಬೇಕು," ಎಂದರು.

"ಆಗೋಣಂತ ತಗೋರಿ," ಎಂದ ಅವನು, ಯಾರೋ ಚಹಾಕ್ಕೆ ಕರೆದ ಹಾಗೆ. "ಕೆಲಸ ಏನೈತ್ರಿ?"

ರಾಜ ಸಿಕ್ಕರೆ ಕಾಕಾ ಅಡವಿಗೆ! ಕಾಕಾ ರಾಜಧರ್ಮದ ಹಾಳೆ ತೆಗೆದು ಓದಿದರು. "ರಾಜಾ ಬೆಳಗಾಗೂದರೊಳಗ ಏಳಬೇಕು. ಹಗಲು ನಿದ್ದಿ ಮಾಡಬಾರದು. ರಾತ್ರಿ ನಿದ್ದಿ ನಾಲ್ಕೂವರಿ ತಾಸು."

ಪೈಲವಾನ ಗಾಬರಿಯಾದ. "ನಾಲ್ಕೂವರಿ ತಾಸ? ನಾನು ಮಧ್ಯಾನಾ ಉಂಡ ಮ್ಯಾಲಿಂದ ನಿದ್ದಿನ ಅಷ್ಟ ಮಾಡ್ತೇನ್ರಿ! ಮತ್ತ?"

"ಪ್ರಜಾ ಒಂದ ತಪ್ಪು ಮಾಡಿದ್ರ ಒಂದು ಪಾಲು ಶಿಕ್ಷಾ. ಅದ ತಪ್ಪು ರಾಜಾ ಮಾಡಿದ್ರ ಸಾವಿರ ಪಾಲು."

"ಅಂದ್ರ ಅವರಿಗಿ ಒಂದ ಹೊಡತ ಬಿದ್ರ ನನಗ ಸಾವಿರ?"

"ಹೌದು. ಅದ ಧರ್ಮರಾಜ್ಯದ ಹೆಚ್ಚುಗಾರಿಕಿ!"

ಪೈಲವಾನ ಬಹಳ ವಿನಯದಿಂದ ಕಾಕಾನ ಕಾಲು ಮುಟ್ಟಿದ. "ರಾಯರ, ಕುಸ್ತಿಗಿ ಕರೀರಿ, ಎಲ್ಲಿಗಂದ್ರ ಅಲ್ಲಿಗಿ ಬರ್ತೇನಿ. ಇಂಥಾ ಕೆಲಸ ಬಡವರ ಮನಿ ಹುಡುಗರಿಗಿ ಹೇಳಬ್ಯಾಡ್ರಿ."

ಬಸ್ಸಿನಲ್ಲಿ ನಾನು ಕಿಡಕಿಯ ಕಡೆ ಮುಖ ತಿರುಗಿಸಿ ನಕ್ಕೆ. ಮನೆಗೆ ಬಂದು ಸುದ್ದಿ ಹೇಳಿದರೆ ಕಾಕು ಆ ಪೈಲವಾನನ ಹೆಸರಿನಲ್ಲಿ ದೇವರಿಗೆ ತುಪ್ಪದ ದೀಪ ಹಚ್ಚಿದರು. ಆದರೆ ಕಾಕಾ ಸೋಲುವ ಪೈಕಿಯೇ? ರಾಜ ಸಿಗದಿದ್ದರೆ ಚಾರ್ಜನ್ನು ದೇವರ ಪಾದದ ಮೇಲಿಟ್ಟು ಹೋಗತಕ್ಕದ್ದೆಂದು ಒಂದು ಉಪಕಲಮು ಸೇರಿಸಿದರು. ದೀಪದ ತುಪ್ಪ ದಂಡವಾಯಿತು!

ಇನ್ನು ಪ್ರಜೆಗಳ ಖಾನೇಸುಮಾರಿ, ಎಂದರೆ ಜನಗಣತಿ. ನಮ್ಮ ಓಣಿಯಿಂದಲೇ ಆರಂಭಿಸಿ ಯಾರು ಯಾವ ವರ್ಣದವರೆಂದು ಬರೆದಿಡಬೇಕೆಂದು ಕಾಕಾ ಒಂದು ಉದ್ದ ಹಾಳೆಗೆ ವರ್ಣಕ್ಕೊಂದರಂತೆ ನಾಲ್ಕು ರಕಾನೆ, ಎಂದರೆ ಕಾಲಂ, ಎಳೆದರು. ಮೊದಲ ಮನೆ ಬಸಪ್ಪಣ್ಣನದು. ಬಸಪ್ಪಣ್ಣ ಕೈ ತೊಳೆದುಕೊಂಡು ಬಂದು ಹಾಳೆಯ ಮೇಲೆ ಬಗ್ಗಿದ.

"ನಾ ಯಾವ ರಕಾನೆದಾಗ ಬರ್ತೇನ್ರಿ?"

"ವ್ಯಾಪಾರ ಮಾಡ್ತೀಯಲ್ಲ, ಮೂರನೇದು."

"ಮತ್ತ ನಮ್ಮಣ್ಣ ಹೊಲಾ ಮಾಡ್ತಾನ. ಅವ ನಾಲ್ಕನೇದೇನು? ಒಬ್ಬವ್ವನ ಮಕ್ಕಳನ್ನ ಎರಡು ರಕಾನೆದಾಗ ಹಾಕ್ತೀರೇನು?" ಬಸಪ್ಪಣ್ಣ ಕೊರಳಿನ ಲಿಂಗದ ಮೇಲೆ ಕೈ ಇಟ್ಟುಕೊಂಡು ನಕ್ಕ. "ರಾಯರ, ಈ ನಾಲ್ಕು ರಕಾನೆದ ಕಾಗದಾನ ನಮ್ಮ ಹಿರೇರು ಎಂಟನೂರು ವರ್ಷದ ಹಿಂದ ಹರದ ಒಗದಾರ. ನೀವು ಈಗ ಜೋಡಸಾಕತ್ತೀರಿ! ನಮ್ಮನ್ನ ಬಿಡ್ರಿ. ಬೇಕಾದ್ರ ಕರದಂಟಿಗೊಂದು ರಕಾನೆ ಮಾಡ್ರಿ, ಅದಕ್ಕ ಎಲ್ಲಾ ಜಾತಿಯವ್ರೂ ಬರ್ತಾರ."

ಕಾಕಾ 'ವಿಚಾರಾಧೀನ' ಎಂದು ಬರೆದು ಮುಂದೆ ಹೋದರು. ಇಪ್ಪತ್ತಾರು ಮನೆ ಮುಗಿದಾಗ 'ವಿಚಾರಾಧೀನ' ಹತ್ತೊಂಬತ್ತು!

ಆ ಎಣಿಕೆ ಮುಗಿದ ಭಾನುವಾರವೇ ಅಂಕಲಗಿಯಿಂದ ಒಬ್ಬ ಮಾಸ್ತರರು ಬಂದರು. ಪ್ರಾಥಮಿಕ ಶಾಲೆಯ ಶಿಕ್ಷಕರು, ಬಿಳಿ ಟೊಪ್ಪಿಗೆ, ಇಸ್ತ್ರಿ ಮಾಡಿದ ಅಂಗಿ. ಹೋದ ದಸರೆಯ ಮೇಲೆ ಅವರ ಕೇರಿಯ ಮನೆಗಳೆಲ್ಲ ಬೌದ್ಧ ಧರ್ಮ ಸ್ವೀಕರಿಸಿದ್ದವು. ಒಂದು ಅರ್ಜಿ ಬರೆಸಿಕೊಳ್ಳಲು ಬಂದವರು ಅಂಗಳದಲ್ಲೇ ನಿಂತರು. ಇಲ್ಲಿ ನಾನು ನಿಜ ಬರೆಯಬೇಕು: ಅವರು ಕಚೇರಿಗೆ ಬಂದರೆ ಒಂದೇ ಬೆಂಚಿನ ಮೇಲೆ ಅವರ ಪಕ್ಕದಲ್ಲಿ ಕೂಡುವ ಕಾಕಾ, ಮನೆಯಲ್ಲಿ ಮೇಲೆ ಬನ್ನಿ ಎನ್ನಲಿಲ್ಲ. ಅರ್ಜಿಯ ನಡುವೆ ಉತ್ಸಾಹ ತಡೆಯಲಾರದೆ ಖಾನೇಸುಮಾರಿಯ ಹಾಳೆಯನ್ನೇ ಅವರ ಕೈಗೆ ಕೊಟ್ಟರು.

ಮಾಸ್ತರರು ಹಾಳೆಯನ್ನು ಮೇಲಿನಿಂದ ಕೆಳಗೆ, ಎಡದಿಂದ ಬಲಕ್ಕೆ ಶಾಂತವಾಗಿ ಓದಿದರು. ಆಮೇಲೆ ತಿರುವಿ ಹಿಂಬದಿಯನ್ನೂ ನೋಡಿದರು.

"ರಾವಸಾಹೇಬ್ರ, ಇದರಾಗ ನಮ್ಮನ್ನ ಎಲ್ಲಿ ಬರದೀರಿ?"

ಕಾಕಾ ತಡವರಿಸಿದರು. "ಅದು... ಅದು ಇನ್ನ..."

"ಹಾಳಿ ಮುಗದ ಹೋತೇನ್ರಿ? ಹಾಳಿ ಹೊರಗ ಬರೀಬೇಕಂತ ಮಾಡೀರೇನು?" ಅವರ ಧ್ವನಿ ಏರಲಿಲ್ಲ. "ಬರೀಬ್ಯಾಡ್ರಿ. ನಾವು ಆ ಪುಸ್ತಕ ಬಿಟ್ಟು ಬಂದೇವಿ. ಸಾಲಿಯೊಳಗ ನನ್ನ ಹಾಜರಿ ಪುಸ್ತಕ ಐತ್ರಿ. ಅದರಾಗ ಒಂದ ರಕಾನೆ: ಹೆಸರು. ಬಂದ್ರ ಬಂದ, ಬರದಿದ್ರ ಇಲ್ಲ. ಇಷ್ಟರ ಮ್ಯಾಲ ನಾನು ಎಪ್ಪತ್ತು ಹುಡುಗರನ್ನ ಆಳ್ತೇನಿ."

ಕಾಕಾ ಎದ್ದು ಹೊಸ್ತಿಲವರೆಗೆ ಬಂದು, "ಮ್ಯಾಲ ಬರ್ರಿ, ಮಾಸ್ತರ," ಎಂದರು.

"ಮುಂದಿನ ಸಲ ಬರ್ತೇನ್ರಿ," ಎಂದು ಮಾಸ್ತರರು ಹಾಳೆಯನ್ನು ಮಡಿಕೆ ಬೀಳದಂತೆ ತಿರುಗಿ ಕೊಟ್ಟರು. "ಮದಲ ಇದೊಂದಿಟ ರಿಪೇರಿ ಆಗ್ಲಿ."

ಅವರು ಹೋದ ಮೇಲೆ ಕಾಕಾ ಅಂಟು ಕಲಸಿದರು. ವರ್ಣಗಳ ಪ್ರಕರಣದ ಹನ್ನೊಂದು ಹಾಳೆಗಳ ಮೇಲೂ ಬಿಳಿ ಕಾಗದ ಮೆತ್ತಿದರು. ಧರ್ಮರಾಜ್ಯದ ಮೊದಲನೆಯ ತಿದ್ದುಪಡಿ ಅದು. ಬಸಪ್ಪಣ್ಣ ಈ ಸಂದಿ ನೋಡಿ ಒಳಗೆ ನುಸುಳಿದ.

"ಹನ್ನೊಂದು ಹಾಳಿ ಮುಚ್ಚಿದ್ರಿ. ಹಂಗಾದ್ರ ಆ ಹದಿನೇಳನೇ ಕಲಮಿಗೂ ಒಂದ ತುಂಡು ಕಾಗದಾ ಹಚ್ಚಿಬಿಡ್ರಿ ರಾಯರ. ಅಂಟು ಇನ್ನೂ ಹಸೀ ಐತಿ."

"ಅದು ಮಂದಿಗೆ ಅನ್ಯಾಯ ಆಗ್ತದಂತ ತಿದ್ದಿದ್ದು," ಎಂದರು ಕಾಕಾ. "ಇದು ನನಗ ತ್ರಾಸ ಆಗ್ತದಂತ ತಿದ್ದೂದು. ಎರಡೂ ಒಂದ ಏನು?"

ಬಸಪ್ಪಣ್ಣ ಅಂಟಿನ ಬಟ್ಟಲನ್ನು ತಾನೇ ಎತ್ತಿ ಮೂಲೆಗಿಟ್ಟು ಹೋದ. ವಾದದಲ್ಲಿ ಅವನು ಸೋತದ್ದು ನನ್ನ ದಿನಚರಿಯಲ್ಲಿ ಅದೊಂದೇ ಸಲ.

ಬೇಸಿಗೆ ಬಂತು. ಅಕ್ಕ ಹೆರಿಗೆಗೆ ಬಂದಳು. ಕಾಕಾ ಅಡವಿ ನೋಡಲು ಹೊರಟರು! ಹೊಸ ಮನೆಗೆ ಹೋಗುವವರು ಮೊದಲೇ ನೀರು, ಗಾಳಿ ನೋಡಿ ಬರುವುದಿಲ್ಲವೇ, ಹಾಗೆ. ಗೋಕಾಕ ಫಾಲ್ಸಿನ ಆಚೆಗಿನ ಗುಡ್ಡದಲ್ಲಿ ಒಂದು ಅಡವಿ ಇತ್ತು. ಅಡವಿ ಎಂದರೆ ಕಲ್ಲು, ಕವಳಿ ಗಿಡ, ನಡುನಡುವೆ ಆಡು. ಅಲ್ಲಿ ಸಿಕ್ಕವನು ಖಾಕಿ ಚಣ್ಣ ಹಾಕಿದ ಅರಣ್ಯದ ಗಾರ್ಡ. ಕಾಕಾ ಸ್ಟ್ಯಾಂಪು ಹಚ್ಚಿದ ಅರ್ಜಿ ಕೊಟ್ಟರು. ವಿಷಯ: ವಾನಪ್ರಸ್ಥಕ್ಕಾಗಿ ಅರಣ್ಯ ಪ್ರವೇಶ.

ಗಾರ್ಡ ಅರ್ಜಿಯನ್ನು ಎರಡು ಸಲ ಓದಿದ. "ದನಾ ಮೇಸಾಕ ಪಾಸ್ ಐತ್ರಿ. ಕಟಗಿ ಒಯ್ಯಾಕ ಪಾಸ್ ಐತಿ. ತಪಸ್ಸಿಗಿ ಪಾಸ್ ಇಲ್ಲ. ಎಷ್ಟ ದಿನಾ ಇರಾವ್ರು?"

"ಕಡೀತನಕ."

"ಕಡೀತನಕ! ಹಂಗಾದ್ರ ಅದು ಅತಿಕ್ರಮಣ ಆಕ್ಕೈತ್ರಿ!"

"ಒಂದು ಎಲಿ ಗುಡಸಲಾ ಹಾಕ್ಕೋತೀನಿ, ಅಷ್ಟ."

"ಎಲಿ ಹರಿಯಂಗಿಲ್ರಿ."

"ಗಿಡದ ತೊಗಟ ಉಟ್ಕೋತೀನಿ."

"ತೊಗಟ ಸುಲದ್ರ ಕೇಸ್ ಹಾಕ್ತೇನ್ರಿ!"

"ಹಣ್ಣು, ಗಡ್ಡಿ ತಿಂದು ಇರ್ತೀನಪಾ."

ಗಾರ್ಡನಿಗೆ ಈಗ ನಿಜವಾಗಿಯೂ ಕನಿಕರ ಬಂತು. "ಕವಳಿ ಹಣ್ಣಿನ ಲಿಲಾವ ಆಗೇತ್ರಿ, ಅಜ್ಜಾರ. ಗುತ್ತಿಗಿದಾರಗ ಕೇಳಬೇಕಾಗ್ತೈತಿ. ಹಿಂಗ ಮಾಡ್ರಿ, ಮುಂಜಾನಿ ಬರ್ರಿ, ಧ್ಯಾನಾ ಮಾಡ್ರಿ, ಸಂಜೀ ಐದಕ್ಕ ಮನಿಗಿ ಹೋಗ್ರಿ. ಸಾಹೇಬ್ರು ಬಂದ್ರ ದನಾ ಕಾಯಾಕ ಬಂದೇನಿ ಅನ್ರಿ."

"ದನಾ ಎಲ್ಲೆವ?"

"ನಾ ಒಂದ ಕೊಡ್ತೇನಿ ತಗೋರಿ!"

ಹುಕ್ಕೇರಿ ತಾಲೂಕಿನ ಕಡೆ, ಹಿಡಕಲ್ಲಿನ ಹೊಳೆಯ ದಂಡೆಗೂ ಹೋಗಿ ಬಂದೆವು. ಅಲ್ಲಿ ಅಡವಿಯೇ ಸಿಗಲಿಲ್ಲ. ಸಿಕ್ಕಲ್ಲೆಲ್ಲ ಕಬ್ಬು, ಮೀನು ಹಿಡಿಯುವವರು, ಮತ್ತು ಎಲ್ಲಿಂದ ಬಂದಿರಿ, ಊಟ ಆಯಿತೇ ಎಂದು ಕೇಳುವ ಜನ. ಇಷ್ಟು ಅಕ್ಕರೆಯಿಂದ ಮಾತಾಡಿಸುವ ನಾಡಿನಲ್ಲಿ ವೈರಾಗ್ಯ ಬರುವುದಾದರೂ ಹೇಗೆ? ಆದರೂ ಕಾಕಾ ಒಂದು ಚೀಲ ತಯಾರಿಸಿದರು: ಒಂದು ತಂಬಿಗೆ, ಎರಡು ಧೋತರ, ಒಂದು ಹೊಸ ಆವಕ-ಜಾವಕ ರಜಿಸ್ಟರು. ಅಡವಿಗೆ ಯಾರು ಕಾಗದ ಬರೆಯುತ್ತಾರೆಂದು ಕೇಳಬೇಡಿ. ನಾನೂ ಕೇಳಿದ್ದೆ. "ಬಂದ್ರ?" ಎಂದಿದ್ದರು.

ಜೂನ್ ತಿಂಗಳಲ್ಲಿ ಒಂದು ಶುಕ್ರವಾರ, ಮುಂಜಾನೆ ಏಳು ಗಂಟೆ ಇಪ್ಪತ್ತು ನಿಮಿಷಕ್ಕೆ ಕೂಸು ಹುಟ್ಟಿತು. ಹೆಣ್ಣು.

ಪುರುಡು ಎಂದು ಹತ್ತು ದಿನ ಗಂಡಸರು ಬಾಣಂತಿ ಕೋಣೆಗೆ ಹೋಗುವಂತಿಲ್ಲ. ಶಾಸ್ತ್ರವೇ ಕೊಟ್ಟ ಮುದ್ದತ್ತು! ಆದರೆ ಆ ಕೋಣೆ ಇದ್ದದ್ದು ಪಡಸಾಲೆಗೂ ಬಚ್ಚಲಿಗೂ ನಡುವೆ. ಆಚೀಚೆ ಓಡಾಡುವಾಗ ಬಾಗಿಲ ಸಂದಿಯಿಂದ ಮುಖ ಕಂಡುಬಿಟ್ಟರೆ? ಕಾಕಾ ಮನೆಯೊಳಗೇ ಕೊಡೆ ಬಿಚ್ಚಿಕೊಂಡು, ಅದನ್ನು ಬಾಗಿಲ ಕಡೆ ಓರೆ ಹಿಡಿದು ನಡೆಯತೊಡಗಿದರು. ನೋಡಲು ಬಂದ ಹೆಣ್ಣುಮಕ್ಕಳು ಬಾಯಿಗೆ ಸೆರಗು ಒತ್ತಿಕೊಂಡರು.

"ರಾಜಾ ಆದ ಮ್ಯಾಲ ಛತ್ರಿ ಬೇಕಲ್ರಿ!" ಎಂದು ಬಸಪ್ಪಣ್ಣ ಎಲ್ಲರಿಗೂ ವಿವರಿಸಿದ.

ನನ್ನ ಲೆಕ್ಕ ಬೇರೆ ಹೇಳುತ್ತಿತ್ತು. ಮೊದಲಿನ ದಿನಗಳಲ್ಲಿ ಕಾಕಾ ದಿನಕ್ಕೆ ಆರು ಸಲ ಬಚ್ಚಲಿಗೆ ಹೋಗುತ್ತಿದ್ದರು. ಕೂಸು ಹುಟ್ಟಿದ ನಾಲ್ಕನೆಯ ದಿನ ನಲವತ್ತೊಂದು ಸಲ! ಕೊಡೆ ಪ್ರತಿ ಸಲವೂ ಆ ಬಾಗಿಲ ಮುಂದೆ ನಿಲ್ಲುತ್ತಿತ್ತು. ಒಳಗೆ ಕೂಸು ಆಕಳಿಸಿದರೂ ಹೊರಗೆ ಕೊಡೆ ಅಲುಗುತ್ತಿತ್ತು.

ಹನ್ನೆರಡನೆಯ ದಿನ ತೊಟ್ಟಿಲು. ಅಂದು ಅಜ್ಜ ಕೂಸಿನ ಮುಖ ನೋಡಲೇಬೇಕು. ಮುಂಜಾನೆಯೇ ಚೀಲ ಬಾಗಿಲ ಬಳಿ ಬಂದಿತ್ತು. ಕಾಕಾ ಸ್ನಾನ ಮುಗಿಸಿ ರಜಿಸ್ಟರಿನ ಮುಂದೆ ಕೂತಿದ್ದರು. ಬಸಪ್ಪಣ್ಣ ಕರದಂಟಿನ ತಾಟು ಹಿಡಿದು ನಿಂತಿದ್ದ. ಅಡಿಗೆಮನೆಯಿಂದ ಕಾಕು ಹೊರಗೆ ಬಂದರು. ಕೈ ಒದ್ದೆ ಇತ್ತು. ಏಳು ತಿಂಗಳಲ್ಲಿ ಅವರು ಆ ರಜಿಸ್ಟರಿನ ಎದುರು ವಾದಕ್ಕೆ ನಿಂತದ್ದು ಅದೇ ಮೊದಲು.

"ನಿಮ್ಮ ರಾಜ್ಯ ನಾನೂ ಒಳಗಿಂದ ಕೇಳೀನಿ," ಎಂದರು. "ಎರಡನೇ ಪ್ರಕರಣದಾಗ ಏನ ಬರದೀರಿ? ವಂಶ ನಡಿಯೂದು ಮಗನಿಂದ. ಮಗಳು ಕೊಟ್ಟ ಮನಿಯಾಕಿ. ಆಕಿ ಹಡದದ್ದು ಆ ಮನಿ ಗೋತ್ರದ್ದು. ಹೌದೋ ಅಲ್ಲೋ?"

"ಹೌದು," ಎಂದರು ಕಾಕಾ.

"ನಿಮಗ ಮಗ ಇಲ್ಲ. ಹುಟ್ಟಿದ್ದು ಮಗಳ ಮಗಳು. ಅಂದ ಮ್ಯಾಲ ನಿಮ್ಮ ಕಾಯ್ದೇ ಪ್ರಕಾರ ನಿಮಗಿನ್ನೂ ಮೊಮ್ಮಕ್ಕಳು ಆಗೇ ಇಲ್ಲ. ಅಡವಿಗೆ ಹೋಗೂ ಪ್ರಶ್ನೇನ ಬರಂಗಿಲ್ಲ!"

"ಶಾಬ್ಬಾಸ್ ಬಾಯಾರ!" ಎಂದು ಬಸಪ್ಪಣ್ಣ ಕೂಗಿದ; ತಾಟಿನಿಂದ ಎರಡು ತುಂಡು ಕರದಂಟು ನೆಲಕ್ಕೆ ಬಿತ್ತು. "ಇವ್ರನ್ನ ವಕೀಲ ಮಾಡೂದು ಬಿಟ್ಟು ಒಲೀ ಮುಂದ ಕುಂಡ್ರಿಸೀರಲ್ರಿ ರಾಯರ!"

ನಾನು ದಿನಚರಿಯಲ್ಲಿ 'ಜಯ' ಎಂದು ಬರೆದು ಗೆರೆ ಎಳೆದುಬಿಟ್ಟೆ. ಕಾಕಾನ ಮುಖವೂ ಬೆಳಗಿತು. ಸುಳ್ಳೇಕೆ ಹೇಳಲಿ, ಆರು ತಿಂಗಳಿನಿಂದ ಆ ಮುಖದಲ್ಲಿ ಅಂಥ ಬೆಳಕು ಕಂಡಿರಲಿಲ್ಲ. ಅವರಿಗೂ ಹೋಗುವ ಮನಸ್ಸು ಇರಲಿಲ್ಲವೆಂದು ನಮಗೆ ಅಂದೇ ತಿಳಿದದ್ದು! ಬರವಣಿಗೆಯನ್ನು ನನಗೆ ಬಿಡದೆ ತಾವೇ ಟಾಕು ಶಾಯಿಯಲ್ಲಿ ಅದ್ದಿದರು. ಬರೆಯುತ್ತ ಗಟ್ಟಿಯಾಗಿ ಓದಿದರು.

"ಸದರಿ ಕೂಸು ಕಾಯ್ದೆಯ ದೃಷ್ಟಿಯಿಂದ ಮೊಮ್ಮಗು ಎಂದು..."

"ಬರೀ, ಅಪ್ಪಾ."

ಒಳಗಿನ ಕೋಣೆಯಿಂದ ಅಕ್ಕನ ಧ್ವನಿ. ಅವಳು ಎಲ್ಲವನ್ನೂ ಕೇಳುತ್ತಿದ್ದಳು.

"ಪೂರಾ ಬರೀ. ಬರದು ಆ ಹಾಳಿ ನನಗ ಕೊಡು. ನಾಳೆ ಇಕಿ ದೊಡ್ಡಾಕಿ ಆಗಿ ಕೇಳಿದ್ರ ತೋರಸ್ತೀನಿ. ನಿಮ್ಮಜ್ಜ ಮನಿಯೊಳಗ ಉಳೀಲಿಕ್ಕೆ ನಿನ್ನ ಲೆಕ್ಕದಿಂದ ತಗದಾರ ಅಂತ ಹೇಳ್ತೀನಿ."

ಕಾಕು ಒದ್ದೆ ಕೈಯನ್ನೇ ಬಾಯಿಗೆ ಒತ್ತಿಕೊಂಡರು. ಗಂಡನನ್ನು ಉಳಿಸಿಕೊಳ್ಳಲು ತಾನು ಏನು ಹೇಳಿದೆನೆಂದು ಅವರಿಗೆ ಆಗ ಹೊಳೆಯಿತು. ಬಸಪ್ಪಣ್ಣ ಬಗ್ಗಿ ಕರದಂಟಿನ ತುಂಡು ಆರಿಸತೊಡಗಿದ. ಎರಡೇ ತುಂಡನ್ನು ಬಹಳ ಹೊತ್ತು ಆರಿಸಿದ. ಟಾಕಿನ ತುದಿಯಿಂದ ಶಾಯಿ ಹಾಳೆಯ ಮೇಲೆ ಬಿತ್ತು. ಕಾಕಾ ಅದನ್ನು ಒರೆಸಲಿಲ್ಲ.

"ಇಕಿ ಹುಟ್ಟಿದಾಗ ನಾ ಮೂಡಲಗಿಯೊಳಗ ಇದ್ದೆ," ಎಂದರು, ಮಗಳ ಕೋಣೆಯ ಕಡೆ ನೋಡುತ್ತ. ಯಾರಿಗೆ ಹೇಳಿದರೋ ತಿಳಿಯದು. "ಹೊಲಾ ಅಳಿಯೂ ಮೋಜಣಿ ಕೆಲಸ. ನಡಕೊಂಡು ಹೊಂಟರೂ ಒಂದು ದಿನದ ಹಾದಿ. ರಜಾ ಮಂಜೂರ ಆಗಿರಲಿಲ್ಲ, ಬರಲಿಲ್ಲ. ಎಂಟು ತಿಂಗಳಿಗೆ ಬಂದೆ. ಬಾ ಅಂತ ಕೈ ಚಾಚಿದ್ರ, ಯಾರೋ ಹೊರಗಿನವ್ರು ಬಂದಾರಂತ ತಿಳದು ಚೀರಿದ್ಲು."

ಆಮೇಲೆ ಅವರು ಕೆಂಪು ಶಾಯಿ ತೆಗೆದುಕೊಂಡರು. ಬರೆಯುತ್ತಿದ್ದ ಸಾಲನ್ನು ಹೊಡೆದುಹಾಕಿದರು. ಹಾಗೆಯೇ ಇಡೀ ಹಾಳೆಯನ್ನು, ಹಿಂದಿನ ಹಾಳೆಯನ್ನು, ಅದರ ಹಿಂದಿನದನ್ನು, ಮೂಲೆಯಿಂದ ಮೂಲೆಗೆ ಒಂದೊಂದು ಗೆರೆ ಎಳೆಯುತ್ತ ಮೊದಲನೆಯ ಪುಟದವರೆಗೆ ಬಂದರು. ಒಂದನ್ನೂ ಬಿಡಲಿಲ್ಲ. ರಜಿಸ್ಟರು ಮುಚ್ಚಿ ನನ್ನ ಕಡೆ ಸರಿಸಿ, "ವೇಳೆ ಬರಕೋ," ಎಂದರು. ಒಂಬತ್ತಕ್ಕೆ ಹತ್ತು ನಿಮಿಷ ಇತ್ತು.

"ಕಾರಣ ಏನ ಬರೀಲಿ, ಕಾಕಾ?"

ಅವರು ಆಗಲೇ ಎದ್ದು ನಡೆದಿದ್ದರು. ಬಾಣಂತಿ ಕೋಣೆಯ ಹೊಸ್ತಿಲ ಮುಂದೆ ಹೋಗಿ ನಿಂತು, ತಮ್ಮದೇ ಮನೆಯ ಕೋಣೆಗೆ, "ಒಳಗ ಬರಲೇನವಾ?" ಎಂದು ಅನುಮತಿ ಕೇಳಿದರು.

ಅಕ್ಕ ತಲೆ ಎತ್ತಲಿಲ್ಲ. "ಬಾ," ಎಂದಳು.

ಕಾಕಾ ಒಳಗೆ ಹೋಗಿ ಕೂಸಿನ ಮುಖದ ಮೇಲೆ ಬಗ್ಗಿದರು. ನಾವು ಬಾಗಿಲಲ್ಲಿ ಗುಂಪುಗೂಡಿದ್ದೆವು. ಬಹಳ ಹೊತ್ತಿನ ಮೇಲೆ ಅವರು ಎರಡೂ ಕೈಗಳನ್ನು, ಕಡತದ ಗಂಟು ತೆಗೆದುಕೊಳ್ಳುವವರ ಹಾಗೆ, ಬಿಗಿಯಾಗಿ ಮುಂದೆ ಚಾಚಿದರು. ಆಮೇಲೆ ಆ ಕೈಗಳನ್ನು ತಾವೇ ನೋಡಿಕೊಂಡರು.

"ಹ್ಯಾಂಗ ಹಿಡೀಬೇಕು? ನನಗ ಗೊತ್ತಿಲ್ಲ, ಅವ್ವಾ."

ಅಕ್ಕ ಆಗ ತಲೆ ಎತ್ತಿ ಅವರನ್ನು ನೋಡಿದಳು. ಕೂಸನ್ನು ಎತ್ತಿ ಆ ಕೈಗಳಲ್ಲಿ ಇಟ್ಟಳು. ತನ್ನ ಕೈಯನ್ನು ಕೂಡಲೇ ತೆಗೆಯಲಿಲ್ಲ.

"ತಲಿ ಕೆಳಗ ಒಂದ ಕೈ ಇಡು, ಅಪ್ಪಾ. ಅಂಜಬ್ಯಾಡ. ಇನ್ನೊಂದೀಟು ಎದಿಗೆ ಹಚ್ಕೋ... ಹಾಂ. ಹಂಗ."